ಚೌತಿಯ ಮರುದಿನ: ಉಳಿದ ಅಡುಗೆಯ ಕುರಿತು ಓದುಗರ ಪ್ರಶ್ನೆಗಳು

ಚೌತಿ ಮತ್ತು ಓಣಂ ಹತ್ತಿರ ಹತ್ತಿರ ಬರುವುದರಿಂದ, ಕಾಸರಗೋಡು ಮತ್ತು ಮಂಜೇಶ್ವರ ತಾಲೂಕುಗಳ ಓದುಗರು ಈ ಸಲ ಕಳುಹಿಸಿದ ಪ್ರಶ್ನೆಗಳಲ್ಲಿ ಹೆಚ್ಚಿನವು ಹಬ್ಬದಲ್ಲಿ ಉಳಿದ ಅಡುಗೆಗೆ ಸಂಬಂಧಿಸಿದವು. ಒಂದೇ ಬಗೆಯ ಪ್ರಶ್ನೆಗಳನ್ನು ಕೂಡಿಸಿ ಇಲ್ಲಿ ಉತ್ತರಿಸಲಾಗಿದೆ.

ಪ್ರಶ್ನೆ: ಚೌತಿಗೆ ಹಲಸಿನ ಎಲೆಯಲ್ಲಿ ಬೇಯಿಸಿದ ಕೊಟ್ಟಿಗೆ (ಅಕ್ಕಿ ಕಡುಬು) ಪ್ರತಿ ವರ್ಷವೂ ಉಳಿಯುತ್ತದೆ. ಫ್ರಿಜ್ಜಿನಲ್ಲಿಟ್ಟರೆ ಗಟ್ಟಿಯಾಗುತ್ತದೆ. ಪುಡಿ ಮಾಡಿ ಒಗ್ಗರಣೆ ಹಾಕುವುದನ್ನು ಬಿಟ್ಟರೆ ಬೇರೆ ದಾರಿ ಇದೆಯೇ?
– ಗೃಹಿಣಿ, ಬದಿಯಡ್ಕ

ಉತ್ತರ: ಮೊದಲು ಅದು ಗಟ್ಟಿಯಾಗುವುದೇಕೆಂದು ನೋಡೋಣ. ಬೇಯುವಾಗ ನೀರು ಹೀರಿ ಸಡಿಲಗೊಂಡ ಅಕ್ಕಿಯ ಪಿಷ್ಟವು ತಣಿಯುತ್ತ ಹೋದಂತೆ ಮತ್ತೆ ಬಿಗಿಯಾಗುತ್ತದೆ. ಫ್ರಿಜ್ಜಿನ ತಂಪಿನಲ್ಲಿ ಈ ಕ್ರಿಯೆ ಇನ್ನಷ್ಟು ಬೇಗ ನಡೆಯುತ್ತದೆಯಾದರೆ, ಫ್ರೀಜರಿನಲ್ಲಿ ಬಹುಮಟ್ಟಿಗೆ ನಿಂತೇ ಹೋಗುತ್ತದೆ. ಆದ್ದರಿಂದ ನಾಳೆಯೇ ತಿನ್ನುವ ಕೊಟ್ಟಿಗೆಗಳನ್ನು ಫ್ರಿಜ್ಜಿನಲ್ಲಿಯೂ, ವಾರದ ಬಳಿಕ ಬೇಕಾಗುವುವನ್ನು ಫ್ರೀಜರಿನಲ್ಲಿಯೂ ಎಲೆ ಬಿಡಿಸದೆಯೇ ಮುಚ್ಚಿದ ಡಬ್ಬಿಯಲ್ಲಿಡಬೇಕು. ಎಲೆಯೊಂದಿಗೇ ಅಟ್ಟಿನಳಗೆಯಲ್ಲಿಟ್ಟು, ಒಳಗಿನವರೆಗೂ ಬಿಸಿ ತಲುಪುವಂತೆ ಹಬೆ ಕೊಟ್ಟರೆ ಬಿಗಿದ ಪಿಷ್ಟವು ಪುನಃ ಸಡಿಲವಾಗಿ, ಕೊಟ್ಟಿಗೆಯು ಬಹುಪಾಲು ಮೊದಲಿನ ಮೃದುತ್ವಕ್ಕೆ ಮರಳುತ್ತದೆ.

ಇನ್ನು ರುಚಿ ಬದಲಿಸುವ ಮಾತು. ಗಟ್ಟಿಯಾದ ಕೊಟ್ಟಿಗೆಯನ್ನು ಬೆರಳು ಗಾತ್ರಕ್ಕೆ ಸೀಳಿ, ಕಾವಲಿಯಲ್ಲಿ ತೆಂಗಿನೆಣ್ಣೆ ಹಾಕಿ ಎಲ್ಲ ಬದಿಗಳೂ ಕೆಂಪಾಗುವಂತೆ ಕಾಯಿಸಿ, ಕೊನೆಯಲ್ಲಿ ಮೆಣಸಿನ ಪುಡಿ, ಉಪ್ಪು, ಕರಿಬೇವು ಉದುರಿಸಿದರೆ ಸಂಜೆಯ ಕಾಫಿಗೆ ಇದಕ್ಕಿಂತ ಒಳ್ಳೆಯ ಜೊತೆ ಬೇಡ. ಮಕ್ಕಳಿರುವ ಮನೆಯಲ್ಲಿ ಹಬೆಯಲ್ಲಿ ಬಿಸಿ ಮಾಡಿದ ತುಂಡುಗಳ ಮೇಲೆ ಬೆಲ್ಲ ಕರಗಿಸಿದ ಕಾಯಿಹಾಲು ಸುರಿದು, ಏಲಕ್ಕಿ ಹಾಕಿ ಹತ್ತು ನಿಮಿಷ ನೆನೆಯಲು ಬಿಡಬಹುದು. ಸೇಮಿಗೆಗೆ ಹೊಂದುವ ಕಾಯಿಹಾಲು ಕೊಟ್ಟಿಗೆಗೆ ಹೊಂದದಿರಲು ಕಾರಣವಿಲ್ಲ. ಮೂರನೆಯದು ಮೊಸರಿನ ಕೊಟ್ಟಿಗೆ: ಬಿಸಿ ತುಂಡುಗಳನ್ನು ಉಪ್ಪು ಬೆರೆಸಿದ ತೆಳು ಮಜ್ಜಿಗೆಯಲ್ಲಿ ಅದ್ದಿ ತೆಗೆದು, ಕಾಯಿ, ಹಸಿಮೆಣಸು ಮತ್ತು ಚೂರು ಶುಂಠಿ ಅರೆದು ಕಲಸಿದ ಗಟ್ಟಿ ಮೊಸರಿನಲ್ಲಿ ಹಾಕಿ, ಸಾಸಿವೆ ಒಗ್ಗರಣೆ ಕೊಡಬೇಕು.

ಆದರೂ ನೀವು ಬಿಡಬೇಕೆಂದಿರುವ ಒಗ್ಗರಣೆ ಕೊಟ್ಟಿಗೆಯ ಪರವಾಗಿ ಒಂದು ಮಾತು ಹೇಳಲೇಬೇಕು. ಬಿಸಿ ಕೊಟ್ಟಿಗೆಯನ್ನು ಪುಡಿ ಮಾಡಿದರೆ ಅಂಟಂಟಾಗಿ ಮುದ್ದೆಯಾಗುತ್ತದೆ. ತಣಿದು ಗಟ್ಟಿಯಾದದ್ದು ಮಾತ್ರ ಉದುರು ಉದುರಾಗಿ ಬರುತ್ತದೆ. ನೀವು ದೋಷವೆಂದು ಭಾವಿಸಿದ ಗಟ್ಟಿತನವೇ ಅಲ್ಲಿ ಗುಣವಾಗುತ್ತದೆ.

ಪ್ರಶ್ನೆ: ಹೋಳಿಗೆಗೆ ಮಾಡಿದ ಕಡಲೆಬೇಳೆ ಹೂರಣವೂ ಕನಕವೂ (ಹೊರಗಿನ ಹಿಟ್ಟೂ) ಸಮನಾಗಿ ಮುಗಿದದ್ದೇ ಇಲ್ಲ. ಉಳಿದದ್ದನ್ನು ಏನು ಮಾಡಬೇಕು?
– ಅಧ್ಯಾಪಿಕೆ, ಪೆರ್ಲ

ಉತ್ತರ: ಹೂರಣ ಉಳಿದರೆ ಸುಕ್ರುಂಡೆ ಮಾಡಬೇಕು. ನಮ್ಮ ಊರುಗಳಲ್ಲಿ ಈ ಪ್ರಶ್ನೆಗೆ ಹಿಂದಿನಿಂದಲೂ ಇದ್ದ ಉತ್ತರ ಅದೇ. ಒಂದು ಕಪ್ ಬೆಳ್ತಿಗೆ (ಕುಚ್ಚದ ಬಿಳಿ) ಅಕ್ಕಿಯನ್ನು ಎರಡು ದೊಡ್ಡ ಚಮಚ ಉದ್ದಿನ ಬೇಳೆಯೊಂದಿಗೆ ನೆನೆಸಿ, ಆದಷ್ಟು ಕಡಿಮೆ ನೀರಿನಲ್ಲಿ ನುಣ್ಣಗೆ ರುಬ್ಬಿ, ಚಿಟಿಕೆ ಉಪ್ಪು ಸೇರಿಸಬೇಕು. ಹಿಟ್ಟು ಉಂಡೆಗೆ ಹತ್ತಿಕೊಳ್ಳುವಷ್ಟು ದಪ್ಪವಿರಬೇಕು. ಹೂರಣವನ್ನು ಸಣ್ಣ ನಿಂಬೆಯ ಗಾತ್ರಕ್ಕೆ ಉಂಡೆ ಕಟ್ಟಿ, ಹಿಟ್ಟಿನಲ್ಲಿ ಅದ್ದಿ, ಹದವಾಗಿ ಕಾದ ತೆಂಗಿನೆಣ್ಣೆಯಲ್ಲಿ ಕರಿಯಬೇಕು. ಉಂಡೆ ಎಣ್ಣೆಯಲ್ಲಿ ಒಡೆಯುವುದಕ್ಕೆ ಮುಖ್ಯ ಕಾರಣ ಹೂರಣದಲ್ಲಿ ಉಳಿದ ನೀರು. ಕೈಗೆ ಅಂಟುವ ಹೂರಣವನ್ನು ದಪ್ಪ ತಳದ ಬಾಣಲೆಯಲ್ಲಿ ಒಂದು ಚಮಚ ತುಪ್ಪದೊಂದಿಗೆ, ತಳ ಬಿಡುವವರೆಗೆ ಮಗುಚಿ, ಪೂರ್ತಿ ತಣಿದ ಮೇಲೆಯೇ ಉಂಡೆ ಕಟ್ಟಿರಿ.

ಹಬ್ಬದ ಮರುದಿನ ಎಣ್ಣೆಯ ತಿಂಡಿ ಬೇಡವೆನಿಸಿದರೆ, ಅದೇ ಹೂರಣವನ್ನು ಎರಡನೆಯ ಕಾಯಿಹಾಲಿನಲ್ಲಿ ಕದಡಿ ಕುದಿಸಿ, ಒಲೆಯಿಂದ ಇಳಿಸುವ ಹೊತ್ತಿಗೆ ದಪ್ಪ ಕಾಯಿಹಾಲು ಸೇರಿಸಿದರೆ ಕಡಲೆಬೇಳೆ ಪಾಯಸ ಸಿದ್ಧ. ಕಾಯಿ ಹಾಕದ ಹೂರಣ ಫ್ರಿಜ್ಜಿನಲ್ಲಿ ಮೂರು ನಾಲ್ಕು ದಿನ ಕೆಡದು. ಹಸಿ ಕಾಯಿ ಸೇರಿಸಿದ್ದಾದರೆ ಅಷ್ಟು ಕಾಯಬೇಡಿ. ಕನಕದ ಮೇಲೆ ಎಣ್ಣೆ ಸವರಿ ಮುಚ್ಚಿಟ್ಟು, ಮರುದಿನ ಗೋಧಿ ಹಿಟ್ಟಿನೊಡನೆ ನಾದಿ ಚಪಾತಿ ಲಟ್ಟಿಸಿದರಾಯಿತು. ಬೇಳೆ ಬಸಿದ ಕಟ್ಟನ್ನು ಚೆಲ್ಲುವವರೂ ಇದ್ದಾರೆಂದು ಒಂದು ಪತ್ರದಿಂದ ತಿಳಿಯಿತು. ದಯವಿಟ್ಟು ಹಾಗೆ ಮಾಡದೆ, ಹುಣಸೆ, ಬೆಲ್ಲ, ಸಾರಿನ ಪುಡಿ ಹಾಕಿ ಅದೇ ದಿನ ಸಾರು ಮಾಡಿರಿ.

ಪ್ರಶ್ನೆ: ಗಣಹೋಮದ ಅಷ್ಟದ್ರವ್ಯ ಹಂಚಿದ ಮೇಲೆಯೂ ಪಾತ್ರೆಯಲ್ಲಿ ಉಳಿಯುತ್ತದೆ. ಪ್ರಸಾದವಾದ್ದರಿಂದ ಎಸೆಯುವಂತಿಲ್ಲ. ಒಡೆದ ತೆಂಗಿನಕಾಯಿಗಳೂ ರಾಶಿಯಾಗಿವೆ.
– ಕೃಷಿಕರು, ಮುಳ್ಳೇರಿಯ

ಉತ್ತರ: ಅವಲಕ್ಕಿ, ಹೊದಳು, ಎಳ್ಳು ಒಣ ವಸ್ತುಗಳಾದರೂ ಬೆಲ್ಲ, ಬಾಳೆಹಣ್ಣು, ಕಬ್ಬು, ಹಸಿ ಕಾಯಿ ಸೇರಿದ ಕೂಡಲೇ ಅಷ್ಟದ್ರವ್ಯವು ನೀರೊಡೆಯತೊಡಗುತ್ತದೆ ಮತ್ತು ಮಳೆಗಾಲದ ಸೆಕೆಯಲ್ಲಿ ಸಂಜೆಯೊಳಗೆ ಹುಳಿ ವಾಸನೆ ಬರಬಹುದು. ಆದುದರಿಂದ ಹಂಚಿ ಮುಗಿದೊಡನೆ ಉಳಿದುದನ್ನು ಫ್ರಿಜ್ಜಿಗೆ ಸೇರಿಸಿ, ಮರುದಿನ ಬೆಳಿಗ್ಗೆ ಗುಳಿಯಪ್ಪ ಮಾಡುವುದು ಒಳ್ಳೆಯದು. ಮೊದಲು ಕಬ್ಬಿನ ತುಂಡುಗಳನ್ನು ಒಂದೂ ಬಿಡದೆ ಆರಿಸಿ ತೆಗೆಯಬೇಕು, ಏಕೆಂದರೆ ಅದರ ನಾರು ರುಬ್ಬಿದರೂ ಸವೆಯುವುದಿಲ್ಲ. ಬಳಿಕ ನೆನೆಸಿದ ಬೆಳ್ತಿಗೆ ಅಕ್ಕಿಯನ್ನು ಅಷ್ಟದ್ರವ್ಯದೊಂದಿಗೆ ತರಿತರಿಯಾಗಿ ರುಬ್ಬಿ, ಸಿಹಿ ಸಾಲದಿದ್ದರೆ ಬೆಲ್ಲ ಸೇರಿಸಿ, ತುಪ್ಪ ಹಾಕಿದ ಗುಳಿಯಲ್ಲಿ ಸಣ್ಣ ಉರಿಯಲ್ಲಿ ಬೇಯಿಸಬೇಕು. ಬೆಲ್ಲ ಬೇಗ ಸೀದುಹೋಗುವುದರಿಂದ ಉರಿಯನ್ನು ಮಾತ್ರ ಜೋರು ಮಾಡಬಾರದು. ಬಾಳೆಹಣ್ಣು ಇರುವುದರಿಂದ ಅಪ್ಪ ತಾನಾಗಿಯೇ ಮೃದುವಾಗುತ್ತದೆ.

ತೆಂಗಿನಕಾಯಿಯ ವಿಷಯದಲ್ಲಿ ಆಗಸ್ಟ್, ಸೆಪ್ಟೆಂಬರಿನ ಹವೆ ನಮ್ಮ ವೈರಿ. ಬಿಸಿಲು ಬಂದಾಗ ಒಣಗಿಸೋಣವೆಂದು ಅಂಗಳದ ಬದಿಯಲ್ಲಿ ಇಟ್ಟ ಹೋಳುಗಳಿಗೆ ಎರಡೇ ದಿನದಲ್ಲಿ ಬೂಸ್ಟು ಹಿಡಿಯುತ್ತದೆ. ಬೂಸ್ಟು ಹಿಡಿದ ಕೊಬ್ಬರಿಯಲ್ಲಿ ಅಫ್ಲಟಾಕ್ಸಿನ್ ಎಂಬ ವಿಷವಸ್ತು ಇರುವ ಸಾಧ್ಯತೆಯಿದ್ದು, ಬೂಸ್ಟನ್ನು ಒರೆಸಿದ ಮಾತ್ರಕ್ಕೆ ಅದು ಹೋಗುವುದಿಲ್ಲ. ಕೊಬ್ಬರಿ ಕೆಡದೆ ಉಳಿಯಬೇಕಾದರೆ ಅದರ ತೇವಾಂಶ ಶೇಕಡಾ 6ರ ಆಸುಪಾಸಿಗೆ ಇಳಿಯಬೇಕು. ಡ್ರೈಯರ್ ಇರುವ ತೋಟದ ಮನೆಗಳಿಗೆ ಇದು ಕಷ್ಟವಲ್ಲ. ಉಳಿದವರು ಕಾಯಿಯನ್ನು ತುರಿದು, ಒಂದೊಂದು ಸಲದ ಅಡುಗೆಗೆ ಬೇಕಾಗುವಷ್ಟನ್ನು ಬೇರೆ ಬೇರೆ ಕಟ್ಟಿ ಫ್ರೀಜರಿನಲ್ಲಿಡುವುದೇ ಸರಿ. ಇಲ್ಲವಾದರೆ ತುರಿಯನ್ನು ಕೆಂಪಗೆ ಹುರಿದು, ಹುರಿದ ಉದ್ದಿನ ಬೇಳೆ, ಒಣಮೆಣಸು, ಹುಣಸೆ, ಉಪ್ಪು ಸೇರಿಸಿ ಚಟ್ನಿಪುಡಿ ಮಾಡಿಡಿ. ಹುರಿಯುವುದರಲ್ಲಿ ಅವಸರ ಮಾಡಿದರೆ ಪುಡಿಯಲ್ಲಿ ತೇವ ಉಳಿದು ಬೇಗ ಕಮಟುತ್ತದೆ.

ಪ್ರಶ್ನೆ: ಹಬ್ಬದ ಮಧ್ಯಾಹ್ನ ಮಾಡಿದ ಅನ್ನವನ್ನು ರಾತ್ರಿಯಿಡೀ ಹೊರಗಿಟ್ಟು ಮರುದಿನ ಚಿತ್ರಾನ್ನ ಮಾಡುವುದು ನಮ್ಮ ಮನೆಯ ರೂಢಿ. ಚೆನ್ನಾಗಿ ಬಿಸಿ ಮಾಡಿದರೆ ಸಾಕೆಂದು ಅತ್ತೆಯವರು ಹೇಳುತ್ತಾರೆ. ಸರಿಯೇ?
– ಓದುಗರು, ಕುಂಬಳೆ

ಉತ್ತರ: ಅತ್ತೆಯವರ ಮಾತನ್ನು ಈ ಒಂದು ವಿಷಯದಲ್ಲಿ ಒಪ್ಪಲಾಗುವುದಿಲ್ಲ. ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಕಣಗಳು ಅಕ್ಕಿ ಬೇಯುವಾಗಲೂ ಸಾಯದೆ ಉಳಿಯಬಲ್ಲವು. ಅನ್ನ ಗಂಟೆಗಟ್ಟಲೆ ಉಗುರುಬೆಚ್ಚಗಿದ್ದರೆ ಅವು ಬೆಳೆದು, ವಾಂತಿ ಬರಿಸುವ ವಿಷವನ್ನು ಉಂಟುಮಾಡುತ್ತವೆ. ಆ ವಿಷ ಒಗ್ಗರಣೆಯ ಬಿಸಿಗೆ ನಾಶವಾಗುವಂತಹುದಲ್ಲ. ಬೇಯಿಸಿದ ಆಹಾರವನ್ನು 2 ಗಂಟೆಗಿಂತ ಹೆಚ್ಚು ಹೊರಗಿಡಬಾರದು ಮತ್ತು ಫ್ರಿಜ್ಜು 5 ಡಿಗ್ರಿ ಸೆಲ್ಸಿಯಸ್‌ಗಿಂತ ತಣ್ಣಗಿರಬೇಕು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ದೊಡ್ಡ ಚರಿಗೆಯ ಅನ್ನ ನಡುವಿನಲ್ಲಿ ತಣಿಯಲು ಬಹಳ ಹೊತ್ತು ಹಿಡಿಯುವುದರಿಂದ, ಅಗಲವಾದ ತಟ್ಟೆಯಲ್ಲಿ ಹರಡಿ, ಆರಿದೊಡನೆ ಒಳಗಿಡಿ. ಅಂತಹ ಅನ್ನದಿಂದ ಮಾಡಿದ ಚಿತ್ರಾನ್ನ ಇನ್ನೂ ಉದುರುದುರಾಗಿ ಬರುತ್ತದೆಯೆಂದು ಅತ್ತೆಯವರಿಗೆ ತಿಳಿಸಬಹುದು. ಒಂದು ಹಿಡಿ ಅನ್ನವನ್ನು ದೋಸೆಯ ಅಕ್ಕಿಯೊಂದಿಗೆ ರುಬ್ಬಿದರೆ ದೋಸೆ ಮೃದುವಾಗುತ್ತದೆ. ಅನ್ನ ಅರೆದು ಅಕ್ಕಿಹಿಟ್ಟಿನಲ್ಲಿ ಕಲಸಿ ಬಾಳೆ ಎಲೆಯಲ್ಲಿ ತಟ್ಟಿದ ರೊಟ್ಟಿಯೂ ಬಿರಿಯುವುದಿಲ್ಲ. ಸಂಡಿಗೆಯ ಆಸೆಯನ್ನು ವಿಷುವಿನ ಬಿಸಿಲಿಗೆ ಮೀಸಲಿಡುವುದು ಜಾಣತನ.

ಪ್ರಶ್ನೆ: ನೆರೆಯ ಮಲಯಾಳಿ ಮನೆಯವರು ಓಣಂ ಸದ್ಯದ (ಹಬ್ಬದೂಟದ) ಪದಾರ್ಥಗಳನ್ನು ಧಾರಾಳವಾಗಿ ಕೊಡುತ್ತಾರೆ. ಎಲ್ಲವನ್ನೂ ಬೆರೆಸಿ ಕುದಿಸಬಹುದೇ?
– ಬ್ಯಾಂಕ್ ಉದ್ಯೋಗಿ, ಮಂಜೇಶ್ವರ

ಉತ್ತರ: ಬೆರೆಸಬಹುದು. ಮಲಯಾಳಿಗಳಲ್ಲಿಯೂ ಉಳಿದ ಸಾಂಬಾರು, ಕಾಳನ್ (ಮೊಸರಿನ ಪದಾರ್ಥ), ಅವಿಲು (ಅವಿಯಲ್) ಮೊದಲಾದವನ್ನು ಒಟ್ಟಿಗೆ ಬತ್ತಿಸಿ ಪಳಂಕೂಟಾನ್ ಮಾಡುವ ಪದ್ಧತಿಯಿದೆ. ಹೊತ್ತಿಗೆ ಸರಿಯಾಗಿ ಫ್ರಿಜ್ಜಿನಲ್ಲಿಟ್ಟ ಪದಾರ್ಥಗಳನ್ನು ಮಾತ್ರ ತೆಗೆದುಕೊಂಡು, ಚೆನ್ನಾಗಿ ಕುದಿಸಿ, ನೀರು ಆರಿ ಮುದ್ದೆಯಾಗುವವರೆಗೆ ಸಣ್ಣ ಉರಿಯಲ್ಲಿಡಬೇಕು. ನಮ್ಮ ಕೊದಿಲನ್ನು (ಕಾಯಿ ಅರೆದ ಸಾಂಬಾರನ್ನು) ಬತ್ತಿಸಿದಾಗ ಬರುವ ರುಚಿಯೇ ಇದರಲ್ಲಿಯೂ ಇದ್ದು, ಕುಚ್ಚಿಲಕ್ಕಿ ಗಂಜಿಗೆ ಚೆನ್ನಾಗಿ ಹೊಂದುತ್ತದೆ. ಪಚ್ಚಡಿ, ಪಾಯಸಗಳನ್ನು ಇದಕ್ಕೆ ಸೇರಿಸಬೇಡಿ. ಇಂಜಿಪುಳಿಯನ್ನು (ಶುಂಠಿ, ಹುಣಸೆಯ ಗೊಜ್ಜನ್ನು) ಬೇರೆಯೇ ಇಟ್ಟುಕೊಳ್ಳಿ. ಹುಳಿ, ಬೆಲ್ಲಗಳ ಬಲದಿಂದ ಅದು ಫ್ರಿಜ್ಜಿನಲ್ಲಿ ಬಹಳ ದಿನ ಬಾಳುತ್ತದೆ.

ಪ್ರಶ್ನೆ: ಉಳಿದ ಹಾಲಿನ ಪಾಯಸಕ್ಕೆ ಏನಾದರೂ ಉಪಾಯ?
– ವಿದ್ಯಾರ್ಥಿನಿ, ನೀರ್ಚಾಲು

ಉತ್ತರ: ಕಡ್ಡಿ ಸಿಕ್ಕಿಸಿ ಅಚ್ಚಿನಲ್ಲಿ ಹೆಪ್ಪುಗಟ್ಟಿಸಿದರೆ ಐಸ್ ಕ್ಯಾಂಡಿ.

ಪ್ರಶ್ನೆ: ಮಳೆಗೆ ಕರೆಂಟು ಹೋದರೆ ಫ್ರಿಜ್ಜಿನಲ್ಲಿಟ್ಟ ಇವೆಲ್ಲವೂ ಎಷ್ಟು ಹೊತ್ತು ಸುರಕ್ಷಿತ?
– ಓದುಗರು, ಅಡೂರು

ಉತ್ತರ: ಬಾಗಿಲು ತೆರೆಯದಿದ್ದರೆ ಫ್ರಿಜ್ಜಿನೊಳಗಿನ ತಂಪು ಸುಮಾರು 4 ಗಂಟೆ ಉಳಿಯುತ್ತದೆ. ಪೂರ್ತಿ ತುಂಬಿದ ಫ್ರೀಜರು ಸುಮಾರು 48 ಗಂಟೆ, ಅರ್ಧ ತುಂಬಿದ್ದು ಸುಮಾರು 24 ಗಂಟೆ ತಡೆಯುತ್ತದೆ. ಆಯಾ ಅವಧಿಗಿಂತ ಹೆಚ್ಚು ಹೊತ್ತು ಕರೆಂಟು ಬಾರದಿದ್ದರೆ ಕಾಯಿ ಅರೆದ ಪದಾರ್ಥ, ಪಾಯಸ ಮತ್ತು ಅನ್ನವನ್ನು ರುಚಿ ನೋಡಿ ನಿರ್ಧರಿಸಲು ಹೋಗದೆ ಗೊಬ್ಬರದ ಗುಂಡಿಗೆ ಹಾಕಿರಿ. ಚಟ್ನಿಪುಡಿಗೆ ಏನೂ ಆಗದು.