ಸಂಪಾದಕರ ಉತ್ತರ: ವೆರ್ಚೆಲ್ಲಿಯ ಏಳು ಪ್ರಶಸ್ತಿಗಳು

ಮಾನ್ಯರೇ,

ಕಳೆದ ಸಂಚಿಕೆಯಲ್ಲಿ ನಾವು ಪ್ರಕಟಿಸಿದ ಇಟಲಿಯ ಫುಟ್‌ಬಾಲ್ ಚಾಂಪಿಯನ್ನರ ಪಟ್ಟಿಯನ್ನು ಓದಿ ತಾವು ಮೂರು ಪ್ರಶ್ನೆಗಳನ್ನು ಕೇಳಿದ್ದೀರಿ. ಯುವೆಂಟಸ್, ಇಂಟರ್, ಮಿಲಾನ್, ಜೆನೋವಾಗಳ ಕೆಳಗೆ, ಟೊರಿನೊ ಮತ್ತು ಬೊಲೋನ್ಯಾಗಳಿಗೆ ಸರಿಸಮನಾಗಿ ಏಳು ಪ್ರಶಸ್ತಿಗಳೊಂದಿಗೆ ಕಾಣಿಸಿಕೊಂಡಿರುವ ‘ಪ್ರೊ ವೆರ್ಚೆಲ್ಲಿ’ ಎಂಬ ಹೆಸರು ಅಚ್ಚಿನ ದೋಷವೇ ಎಂಬುದು ಮೊದಲನೆಯದು. ದೋಷವಲ್ಲವಾದರೆ, ಬೆರಳೆಣಿಕೆಯ ತಂಡಗಳಿದ್ದ ಕಾಲದ ಗೆಲುವನ್ನು ಇಂದಿನ ಗೆಲುವಿನ ಜೊತೆ ಒಂದೇ ಪಂಕ್ತಿಯಲ್ಲಿ ಕೂರಿಸುವುದು ನ್ಯಾಯವೇ ಎಂಬುದು ಎರಡನೆಯದು. ಅಷ್ಟು ಬಲಿಷ್ಠವಾಗಿದ್ದ ತಂಡ ಆಮೇಲೆ ಏನಾಯಿತು ಎಂಬುದು ಮೂರನೆಯದು.

ಮೊದಲನೆಯದಕ್ಕೆ ಉತ್ತರ ಚಿಕ್ಕದು. ಅದು ಅಚ್ಚಿನ ದೋಷವಲ್ಲ. 1908, 1909, 1911, 1912, 1913, 1921 ಮತ್ತು 1922ರಲ್ಲಿ ಈ ತಂಡ ಇಟಲಿಯ ಚಾಂಪಿಯನ್ ಆಗಿತ್ತು. ರಾಜಧಾನಿಯ ಎರಡು ಪ್ರಸಿದ್ಧ ತಂಡಗಳಾದ ರೋಮಾ ಮತ್ತು ಲಾಜಿಯೊಗಳ ಪ್ರಶಸ್ತಿಗಳನ್ನು ಕೂಡಿಸಿದರೂ ಐದೇ ಆಗುತ್ತವೆ. ವೆರ್ಚೆಲ್ಲಿ ಎಂಬುದು ಮಿಲಾನ್ ಮತ್ತು ಟ್ಯೂರಿನ್ ನಗರಗಳ ನಡುವೆ, ಸೇಸಿಯಾ ನದಿಯ ದಡದಲ್ಲಿರುವ, ಇಂದಿಗೂ ಸುಮಾರು 45 ಸಾವಿರ ಜನಸಂಖ್ಯೆಯ ಪಟ್ಟಣ. ಅದರ ಸುತ್ತಲಿನ ಬಯಲೆಲ್ಲ ಭತ್ತದ ಗದ್ದೆ. ಇಟಲಿಯ ಅಕ್ಕಿ ವ್ಯಾಪಾರದ ಕೇಂದ್ರವೂ ಅದೇ.

ಎರಡನೆಯ ಪ್ರಶ್ನೆಗೆ ಸ್ವಲ್ಪ ವಿವರವಾಗಿ ಉತ್ತರಿಸಬೇಕು, ಏಕೆಂದರೆ ತಮ್ಮ ಸಂದೇಹದಲ್ಲಿ ಹುರುಳಿದೆ. ಈ ಸಂಸ್ಥೆ 1892ರಲ್ಲಿ ಹುಟ್ಟಿದ್ದು ವ್ಯಾಯಾಮ ಮತ್ತು ಕತ್ತಿವರಸೆಯ ಸಂಘವಾಗಿ. ಅದಕ್ಕೆ ಫುಟ್‌ಬಾಲನ್ನು 1903ರಲ್ಲಿ ಸೇರಿಸಿದವರು ಮಾರ್ಚೆಲ್ಲೊ ಬೆರ್ತಿನೆತ್ತಿ. ಮುಂದೆ ಇವರು ಕತ್ತಿವರಸೆಯಲ್ಲಿ ಒಲಿಂಪಿಕ್ ಚಿನ್ನ ಗೆದ್ದರು. ಸಂಘಕ್ಕೆ ಫುಟ್‌ಬಾಲ್ ಸೇರಿದ ಐದೇ ವರ್ಷಕ್ಕೆ, ಅಂದರೆ 1908ರಲ್ಲಿ, ಮೊದಲ ಪ್ರಶಸ್ತಿ ಬಂತು. ಆ ವರ್ಷ ಇಟಲಿಯ ಫುಟ್‌ಬಾಲ್ ಒಕ್ಕೂಟವು ರಾಷ್ಟ್ರೀಯ ಪ್ರಶಸ್ತಿಗಾಗಿ ಆಡುವ ತಂಡಗಳಲ್ಲಿ ವಿದೇಶಿ ಆಟಗಾರರು ಇರಕೂಡದೆಂದು ನಿಯಮ ಮಾಡಿದ್ದರಿಂದ, ಇಂಗ್ಲಿಷರನ್ನೂ ಸ್ವಿಸ್ಸರನ್ನೂ ನೆಚ್ಚಿಕೊಂಡಿದ್ದ ಜೆನೋವಾ, ಮಿಲಾನ್ ಮತ್ತು ಟೊರಿನೊ ಪ್ರತಿಭಟಿಸಿ ಹೊರಗುಳಿದವು. ಆದ್ದರಿಂದ 1908ರ ಗೆಲುವಿಗೆ ಪೂರ್ಣ ತೂಕ ಕೊಡಲಾಗದು ಎಂದು ಯಾರಾದರೂ ವಾದಿಸಿದರೆ ನಾನು ಒಪ್ಪುತ್ತೇನೆ.

ಆದರೆ ಆ ವಾದ 1908ರಿಂದ ಮುಂದಕ್ಕೆ ಸಾಗುವುದಿಲ್ಲ. ಮರುವರ್ಷ ಅವರು ಗೆದ್ದದ್ದು ವಿದೇಶಿಯರಿಗೂ ಅವಕಾಶವಿದ್ದ ಪಂದ್ಯಾವಳಿಯನ್ನು. 1911ರಿಂದ 1913ರವರೆಗೆ, ದೊಡ್ಡ ಊರುಗಳ ತಂಡಗಳೆಲ್ಲ ತಮ್ಮ ವಿದೇಶಿ ಆಟಗಾರರೊಂದಿಗೆ ಕಣದಲ್ಲಿದ್ದಾಗ, ಜೆನೋವಾ 1912ರಲ್ಲಿ ಇಂಗ್ಲೆಂಡಿನಿಂದ ವಿಲಿಯಂ ಗಾರ್ಬಟ್ ಅವರನ್ನೇ ತರಬೇತುದಾರರಾಗಿ ಕರೆಸಿಕೊಂಡ ಮೇಲೂ, ಕೇವಲ ಇಟಲಿಯ ಹುಡುಗರನ್ನು, ಅದರಲ್ಲೂ ಹೆಚ್ಚಾಗಿ ತಮ್ಮದೇ ಊರಿನ ಹುಡುಗರನ್ನು ಕಟ್ಟಿಕೊಂಡು ವೆರ್ಚೆಲ್ಲಿಯವರು ಸತತ ಮೂರು ಬಾರಿ ಗೆದ್ದರು. ಗುಯಿದೊ ಆರಾ, ಜುಸೆಪ್ಪೆ ಮಿಲಾನೊ ಮತ್ತು ಲಿಯೋನೆ ಎಂಬ ಮೂವರ ಹಾಫ್‌ಬ್ಯಾಕ್ ಸಾಲು, ಅಂದರೆ ರಕ್ಷಣೆಗೂ ದಾಳಿಗೂ ನಡುವೆ ಆಡುವವರ ಸಾಲು, ಆ ತಂಡದ ಬೆನ್ನೆಲುಬು. ವ್ಯಾಯಾಮಶಾಲೆಯಲ್ಲಿ ಬೆಳೆದ ತಂಡವಾದ್ದರಿಂದ ಕೊನೆಯ ನಿಮಿಷದವರೆಗೂ ಓಡುವ ಕಸುವು ಅವರಿಗಿತ್ತು. ಎದುರಾಳಿಗಳು ದಣಿಯುವ ಹೊತ್ತಿಗೆ ಇವರ ಆಟ ಇನ್ನಷ್ಟು ಚುರುಕಾಗುತ್ತಿತ್ತು. 1913ರ ಮೇ 1ರಂದು ಟ್ಯೂರಿನ್‌ನಲ್ಲಿ ಬೆಲ್ಜಿಯಂ ವಿರುದ್ಧ ಆಡಿ 1-0ರಿಂದ ಗೆದ್ದ ಇಟಲಿ ತಂಡದ ಹನ್ನೊಂದು ಮಂದಿಯಲ್ಲಿ ಒಂಬತ್ತು ಮಂದಿ ಈ ಒಂದೇ ಪಟ್ಟಣದ ತಂಡದವರು. ಒಂದು ದೇಶದ ತಂಡವನ್ನು ಒಂದು ಚಿಕ್ಕ ಪಟ್ಟಣ ಹೆಚ್ಚುಕಡಿಮೆ ಪೂರ್ತಿಯಾಗಿ ತುಂಬಿಸಿದ ಮೇಲೆ, ಅದರ ಪ್ರಶಸ್ತಿಗಳು ಅಗ್ಗದವು ಎಂದು ನಾನಂತೂ ಹೇಳಲಾರೆ.

ಅದೇ ವರ್ಷ ಇಂಗ್ಲೆಂಡಿನ ರೆಡಿಂಗ್ ತಂಡ ಇಟಲಿಗೆ ಬಂದು ವೆರ್ಚೆಲ್ಲಿಯನ್ನು 6-0ರಿಂದ ಸೋಲಿಸಿತು ಎಂಬುದನ್ನೂ ಇಲ್ಲಿ ಹೇಳಬೇಕು. ಆ ಪ್ರವಾಸದಲ್ಲಿ ರೆಡಿಂಗ್ ಸೋತದ್ದು ವೆರ್ಚೆಲ್ಲಿಯ ನೆರೆಯ ಕಸಾಲೆಗೆ ಮಾತ್ರ. ವೆರ್ಚೆಲ್ಲಿಯವರ ಅಂಗಿ ಬಿಳಿ ಎಂಬ ಒಂದೇ ಕಾರಣಕ್ಕೆ ಕಪ್ಪು ಅಂಗಿಯನ್ನು ಆರಿಸಿಕೊಂಡಿದ್ದ ಈ ಕಸಾಲೆ 1914ರಲ್ಲಿ ತಾನೂ ಇಟಲಿಯ ಚಾಂಪಿಯನ್ ಆಯಿತು. ಪಿಯೆಮೊಂಟೆ ಪ್ರಾಂತ್ಯದ ವೆರ್ಚೆಲ್ಲಿ, ಕಸಾಲೆ, ನೊವಾರಾ, ಅಲೆಸ್ಸಾಂಡ್ರಿಯಾ ಎಂಬ ನಾಲ್ಕು ಪಟ್ಟಣಗಳ ಈ ಹಟದಲ್ಲೇ ಇಟಲಿಯ ಫುಟ್‌ಬಾಲ್ ಬಲಿಯಿತು ಎಂದರೆ ಉತ್ಪ್ರೇಕ್ಷೆಯಾಗದು.

ತಾವು ಕೇಳದಿದ್ದರೂ 1910ರ ಬಗ್ಗೆ ಬರೆಯದೆ ಮುಂದೆ ಹೋಗಲು ಮನಸ್ಸಾಗುತ್ತಿಲ್ಲ, ಏಕೆಂದರೆ ಏಳು ಎಂಟಾಗಬಹುದಾಗಿದ್ದ ವರ್ಷ ಅದು. ಲೀಗ್ ಮುಗಿದಾಗ ವೆರ್ಚೆಲ್ಲಿ ಮತ್ತು ಇಂಟರ್ ಸಮಾನ ಅಂಕ ಗಳಿಸಿದ್ದವು. ನಿರ್ಣಾಯಕ ಪಂದ್ಯವನ್ನು ಏಪ್ರಿಲ್ 24ಕ್ಕೆ, ವೆರ್ಚೆಲ್ಲಿಯಲ್ಲೇ ಗೊತ್ತುಪಡಿಸಲಾಯಿತು. ತಮ್ಮ ಕೆಲವು ಆಟಗಾರರು ಅದೇ ದಿನ ಸೇನೆಯ ಪಂದ್ಯಾವಳಿಯಲ್ಲಿ ಆಡಬೇಕಾಗಿದೆ, ದಿನಾಂಕವನ್ನು ಮುಂದೂಡಿ ಎಂದು ವೆರ್ಚೆಲ್ಲಿ ಕೇಳಿಕೊಂಡಿತು, ಇಂಟರ್ ಒಪ್ಪಲಿಲ್ಲ. ಆಗ ಪ್ರತಿಭಟನೆಯಾಗಿ ವೆರ್ಚೆಲ್ಲಿಯವರು ಮೈದಾನಕ್ಕೆ ಇಳಿಸಿದ್ದು ತಮ್ಮ ಕಿರಿಯರ ತಂಡವನ್ನು, ಇನ್ನೂ ಮೀಸೆ ಮೂಡದ ಶಾಲಾ ವಯಸ್ಸಿನ ಹುಡುಗರನ್ನು. ಇಂಟರ್ 10-3ರಿಂದ ಗೆದ್ದು ತನ್ನ ಮೊದಲ ಪ್ರಶಸ್ತಿಯನ್ನು ಪಡೆಯಿತು. ದೊಡ್ಡವರ ಎದುರು ಆ ಮಕ್ಕಳು ಮೂರು ಗೋಲು ಹೊಡೆದರು ಎಂಬುದನ್ನು ಓದುವಾಗಲೆಲ್ಲ ನನಗೆ ಹೆಮ್ಮೆಯೂ ಸಂಕಟವೂ ಒಟ್ಟಿಗೆ ಆಗುತ್ತದೆ. ಒಕ್ಕೂಟ ವೆರ್ಚೆಲ್ಲಿಯನ್ನು ಅಮಾನತು ಮಾಡಿತು. ಅದರ ಫಲವಾಗಿ, ಮೇ 15ರಂದು ಮಿಲಾನ್‌ನಲ್ಲಿ ಫ್ರಾನ್ಸ್ ವಿರುದ್ಧ ಇಟಲಿ ತನ್ನ ಚೊಚ್ಚಲ ಅಂತರರಾಷ್ಟ್ರೀಯ ಪಂದ್ಯವನ್ನು ಆಡಿ 6-2ರಿಂದ ಗೆದ್ದಾಗ, ದೇಶದ ಅತ್ಯುತ್ತಮ ತಂಡದ ಒಬ್ಬ ಆಟಗಾರನೂ ಅಲ್ಲಿರಲಿಲ್ಲ.

1922ರ ಬಗೆಗೂ ಒಂದು ಮಾತು. ಆ ವರ್ಷ ದೊಡ್ಡ ತಂಡಗಳು ಒಕ್ಕೂಟವನ್ನು ತೊರೆದು ಪ್ರತ್ಯೇಕ ಸಂಘ ಕಟ್ಟಿಕೊಂಡಿದ್ದರಿಂದ ಇಟಲಿಗೆ ಇಬ್ಬರು ಚಾಂಪಿಯನ್ನರಿದ್ದಾರೆ: ಒಕ್ಕೂಟದ ಪಂದ್ಯಾವಳಿಯಲ್ಲಿ ನೊವೇಸೆ, ಪ್ರತ್ಯೇಕ ಸಂಘದ ಪಂದ್ಯಾವಳಿಯಲ್ಲಿ ಪ್ರೊ ವೆರ್ಚೆಲ್ಲಿ. ಬಲಿಷ್ಠರಲ್ಲಿ ಹೆಚ್ಚಿನವರು ಎರಡನೆಯ ಕಡೆಯೇ ಇದ್ದರು. ಎರಡೂ ಪ್ರಶಸ್ತಿಗಳಿಗೆ ಇಂದು ಮಾನ್ಯತೆಯಿದೆ.

ಇನ್ನು ತಮ್ಮ ಮೂರನೆಯ ಪ್ರಶ್ನೆ. ವೆರ್ಚೆಲ್ಲಿಯಲ್ಲಿ ಆಟಗಾರರು ಹುಟ್ಟುವುದು ನಿಂತುಹೋಯಿತು, ಆದ್ದರಿಂದ ತಂಡ ಬಿದ್ದಿತು ಎಂದು ತಾವು ಊಹಿಸಿದ್ದೀರಿ. ನಡೆದದ್ದು ಇದಕ್ಕೆ ತದ್ವಿರುದ್ಧ. ಬೆಳೆ ಪ್ರತಿವರ್ಷವೂ ಚೆನ್ನಾಗಿಯೇ ಬಂತು. ಕಣಜ ಮಾತ್ರ ಬೇರೆಯವರದ್ದಾಯಿತು. 1923ರಲ್ಲಿ ಫಿಯೆಟ್ ಕಾರು ಕಾರ್ಖಾನೆಯ ಒಡೆಯರ ಮಗ ಎದೊವಾರ್ದೊ ಆನ್ಯೆಲ್ಲಿ ಯುವೆಂಟಸ್‌ನ ಅಧ್ಯಕ್ಷರಾದರು. ಅದೇ ವರ್ಷ ವೆರ್ಚೆಲ್ಲಿಯ ರಕ್ಷಣಾ ಆಟಗಾರ ವಿರ್ಜಿನಿಯೊ ರೊಸೆತ್ತಾ, ವೃತ್ತಿಯಲ್ಲಿ ಲೆಕ್ಕಪತ್ರದವರು, ಯುವೆಂಟಸ್‌ಗೆ ಹೋದರು. ಆಟಕ್ಕೆ ಹಣ ಪಡೆಯುವುದು ನಿಯಮಬಾಹಿರವಾಗಿದ್ದ ಕಾಲದಲ್ಲಿ ಇದು ದೊಡ್ಡ ವಿವಾದವಾಯಿತು. ರೊಸೆತ್ತಾ ಆಡಿದ ಪಂದ್ಯಗಳ ಅಂಕಗಳನ್ನು ಯುವೆಂಟಸ್ ಕಳೆದುಕೊಳ್ಳಬೇಕಾಯಿತು, ಆದರೆ ಆಟಗಾರ ಮಾತ್ರ ಯುವೆಂಟಸ್‌ನಲ್ಲೇ ಉಳಿದರು. ವೆರ್ಚೆಲ್ಲಿಯಲ್ಲಿ ಎರಡು ಪ್ರಶಸ್ತಿ ಗೆದ್ದಿದ್ದ ಅವರು ಅಲ್ಲಿ ಇನ್ನೂ ಆರನ್ನು ಗೆದ್ದರು. 1926ರಲ್ಲಿ ವಿಯಾರೆಜ್ಜೊದಲ್ಲಿ ರೂಪುಗೊಂಡ ಹೊಸ ನಿಯಮಾವಳಿ ಹವ್ಯಾಸಿಗಳಲ್ಲದ ಆಟಗಾರರನ್ನೂ ಅಧಿಕೃತವಾಗಿ ಒಪ್ಪಿಕೊಂಡಿತು. ಅಲ್ಲಿಂದ ಮುಂದೆ ಆಟಗಾರನಿಗೆ ಬೆಲೆ ಕಟ್ಟುವ ಶಕ್ತಿ ಇದ್ದವರೇ ಗೆಲ್ಲುವವರಾದರು. ಭತ್ತದ ಪಟ್ಟಣಕ್ಕೆ ಆ ಶಕ್ತಿ ಇರಲಿಲ್ಲ.

1929ರಲ್ಲಿ ಇಟಲಿಯ ಮೊದಲ ಹಂತದ ಲೀಗ್ ಆದ ಸೀರಿ ಎ ಆರಂಭವಾದಾಗ ಪ್ರೊ ವೆರ್ಚೆಲ್ಲಿ ಅದರಲ್ಲಿತ್ತು. ಮರುವರ್ಷದ ಫೆಬ್ರವರಿಯಲ್ಲಿ, ಇನ್ನೂ ಹದಿನೇಳು ತುಂಬದ ಸಿಲ್ವಿಯೊ ಪಿಯೋಲಾ ಬಿಳಿ ಅಂಗಿ ತೊಟ್ಟು ಮೈದಾನಕ್ಕಿಳಿದರು. 1933ರ ಅಕ್ಟೋಬರ್ 29ರಂದು ಫಿಯೊರೆಂಟಿನಾ ವಿರುದ್ಧ ವೆರ್ಚೆಲ್ಲಿ 7-2ರಿಂದ ಗೆದ್ದಾಗ ಏಳರಲ್ಲಿ ಆರು ಗೋಲುಗಳು ಪಿಯೋಲಾ ಅವರವು. ಸೀರಿ ಎಯ ಒಂದೇ ಪಂದ್ಯದಲ್ಲಿ ಆರು ಗೋಲು ಹೊಡೆದ ಇನ್ನೊಬ್ಬರು 1961ರಲ್ಲಿ ಯುವೆಂಟಸ್ ಪರ ಆಡಿದ ಒಮರ್ ಸಿವೊರಿ. ಅವರ ಎದುರಿಗಿದ್ದದ್ದು ಇಂಟರ್ ಪ್ರತಿಭಟನೆಗಾಗಿ ಕಳುಹಿಸಿದ ಕಿರಿಯರ ತಂಡ. ಪಿಯೋಲಾ ಎದುರಿಗಿದ್ದದ್ದು ಫಿಯೊರೆಂಟಿನಾದ ನಿಜವಾದ ತಂಡ. ಈ ವ್ಯತ್ಯಾಸವನ್ನು ದಾಖಲೆಗಳ ಪಟ್ಟಿ ತೋರಿಸುವುದಿಲ್ಲವಾದ್ದರಿಂದ ಇಲ್ಲಿ ಬರೆದಿದ್ದೇನೆ.

1934ರಲ್ಲಿ ಪಿಯೋಲಾ ಲಾಜಿಯೊಗೆ ಹೋದರು. ಅವರಿಲ್ಲದ ಮೊದಲ ಋತುವಿನಲ್ಲೇ ವೆರ್ಚೆಲ್ಲಿ ಸೀರಿ ಎಯಿಂದ ಕೆಳಗಿಳಿಯಿತು, ಮತ್ತೆ ಎಂದೂ ಅಲ್ಲಿಗೆ ಏರಲಿಲ್ಲ. ಪಿಯೋಲಾ 1938ರ ವಿಶ್ವಕಪ್ ಫೈನಲ್‌ನಲ್ಲಿ ಹಂಗೆರಿ ವಿರುದ್ಧ ಎರಡು ಗೋಲು ಹೊಡೆದರು. ಸೀರಿ ಎಯಲ್ಲಿ ಅವರು ಗಳಿಸಿದ 274 ಗೋಲುಗಳ ದಾಖಲೆಯನ್ನು ಇಂದಿಗೂ ಯಾರೂ ಮುರಿದಿಲ್ಲ. ಆ ವಿಶ್ವಕಪ್ ಗೆದ್ದ ತಂಡದಲ್ಲಿದ್ದ ಪಿಯೆತ್ರೊ ಫೆರಾರಿಸ್ ವೆರ್ಚೆಲ್ಲಿಯವರು. ನಲವತ್ತರ ದಶಕದಲ್ಲಿ ಯಾರೂ ಸೋಲಿಸಲಾಗದಂತಿದ್ದ ಟೊರಿನೊ ತಂಡದಲ್ಲಿ ಆಡಿ, 1949ರಲ್ಲಿ ಸುಪೆರ್ಗಾ ಬೆಟ್ಟದ ವಿಮಾನ ದುರಂತದಲ್ಲಿ ತೀರಿಕೊಂಡ ಎವುಸೇಬಿಯೊ ಕಸ್ತಿಲ್ಯಾನೊ ಕೂಡ ಅದೇ ಊರಿನವರು, ಅದೇ ಬಿಳಿ ಅಂಗಿಯಲ್ಲಿ ಆಟ ಆರಂಭಿಸಿದವರು. ಊರು ಬಂಜೆಯಾಗಿತ್ತು ಎಂಬ ಊಹೆ ಈ ಹೆಸರುಗಳ ಮುಂದೆ ನಿಲ್ಲುವುದಿಲ್ಲ.

ಮುಂದಿನ ಕತೆಯನ್ನು ಬೇಗ ಹೇಳಬಹುದು. 1948ರಲ್ಲಿ ತಂಡ ಎರಡನೇ ಹಂತವಾದ ಸೀರಿ ಬಿಯಿಂದಲೂ ಜಾರಿತು. 2010ರಲ್ಲಿ ಹಳೆಯ ಸಂಸ್ಥೆ ಹಣಕಾಸಿನ ಮುಗ್ಗಟ್ಟಿನಿಂದ ಮುಚ್ಚಿದಾಗ, ಊರಿನ ಇನ್ನೊಂದು ತಂಡವಾದ ಪ್ರೊ ಬೆಲ್ವೆದೆರೆ ಅದರ ಹೆಸರನ್ನೂ ಪರಂಪರೆಯನ್ನೂ ವಹಿಸಿಕೊಂಡು ಮುನ್ನಡೆಸಿತು. 2012ರಲ್ಲಿ, 64 ವರ್ಷಗಳ ನಂತರ, ತಂಡ ಸೀರಿ ಬಿಗೆ ಮರಳಿತು. ಮರುವರ್ಷ ಇಳಿದು, 2014ರಲ್ಲಿ ಮತ್ತೆ ಏರಿ, 2018ರವರೆಗೆ ಅಲ್ಲಿ ಉಳಿದು, ಆಮೇಲೆ ಮೂರನೇ ಹಂತವಾದ ಸೀರಿ ಸಿಗೆ ಬಂತು. ಈಗಿನ ಪಂದ್ಯಗಳನ್ನು ಅನುಸರಿಸುವ ಆಸೆ ತಮಗಿದ್ದರೆ ಆ ಲೀಗ್‌ನಲ್ಲಿ ಹುಡುಕಬೇಕು. ಹುಡುಕುವಾಗ ಒಂದು ಎಚ್ಚರವಿರಲಿ: ವೆರ್ಚೆಲ್ಲಿಯ ಕ್ರೀಡಾಂಗಣಕ್ಕೆ ಸಿಲ್ವಿಯೊ ಪಿಯೋಲಾ ಅವರ ಹೆಸರಿದೆ, ಅವರು 1954ರಲ್ಲಿ ಆಟ ಮುಗಿಸಿದ ನೆರೆಯ ನೊವಾರಾದ ಕ್ರೀಡಾಂಗಣಕ್ಕೂ ಅದೇ ಹೆಸರಿದೆ. ಆದ್ದರಿಂದ ಕ್ರೀಡಾಂಗಣದ ಹೆಸರನ್ನಷ್ಟೇ ನೋಡಿದರೆ ಪಂದ್ಯ ಯಾವ ಊರಿನದೆಂದು ತಿಳಿಯುವುದಿಲ್ಲ. ಊರಿನ ಹೆಸರನ್ನೂ ನೋಡಿಕೊಳ್ಳಿ.

– ಸಂಪಾದಕ