ಮೊದಲು ಆ ಗುದ್ದಲಿ ಕೆಳಗಿಡಿ

ಮಳೆಗಾಲ ಬಂತೆಂದರೆ ಕುದುರೆ ಸಾಕುವವರಿಂದ ಲದ್ದಿಯ ಪ್ರಶ್ನೆಗಳು ಶುರು. ಅದರಲ್ಲೂ ಒಂದೇ ಪ್ರಶ್ನೆ ಬೇರೆ ಬೇರೆ ಊರಿನಿಂದ ಬರುತ್ತಲೇ ಇದೆ. ಹಾಗಾಗಿ ಈ ಸಲ ಜಾಗವೆಲ್ಲ ಹೆಚ್ಚುಕಮ್ಮಿ ಅದಕ್ಕೇ.

ಪ್ರಶ್ನೆ: ದೊಡ್ಡಬಳ್ಳಾಪುರದ ಹತ್ತಿರ ಎರಡು ಎಕರೆ ಪ್ಯಾಡಕ್ (ಕುದುರೆ ಮೇಯಲು ಬಿಡುವ, ಬೇಲಿ ಹಾಕಿದ ಬಯಲು) ಇದೆ, ಮೂರು ಕುದುರೆ. ಹುಡುಗ ಗುದ್ದಲಿ, ಬಾಂಡ್ಲಿ ಹಿಡಿದು ಲದ್ದಿ ತೆಗೆಯುತ್ತಾನೆ. ತುಂಬಾ ಹೊತ್ತು ಹಿಡಿಯುತ್ತೆ ಅಂತ ತಿಂಗಳಿಗೊಮ್ಮೆ ಮಾಡಿಸುತ್ತೇವೆ. ಲದ್ದಿ ಹೀರುವ ಮಷೀನ್ ತರಿಸಲೇ?

ಬೇಡ. ಮೂರು ಕುದುರೆಗೆ ಮಷೀನ್ ಯಾಕೆ? ಹಸಿ ಲದ್ದಿ, ಉದ್ದ ಹುಲ್ಲು ಸೇರಿದರೆ ಅದರ ಪೈಪು ಕಟ್ಟಿಕೊಳ್ಳುತ್ತೆ. ಮಳೆ ಬಿದ್ದ ಕೆಂಪು ಮಣ್ಣಿನಲ್ಲಿ ಚಕ್ರ ಹೂತುಕೊಳ್ಳುತ್ತೆ. ಹತ್ತಾರು ಕುದುರೆ, ಸಮತಟ್ಟು ನೆಲ ಇರುವವರ ಮಾತು ಬೇರೆ.

ನಿಮ್ಮ ಪತ್ರದಲ್ಲಿ ನನಗೆ ಸಿಟ್ಟು ಬಂದಿದ್ದು ‘ತಿಂಗಳಿಗೊಮ್ಮೆ’ ಅನ್ನುವ ಮಾತಿಗೆ. ಲದ್ದಿಯ ಜೊತೆ ಸ್ಟ್ರಾಂಗೈಲ್ ಎಂಬ ಕರುಳಿನ ಹುಳುಗಳ ಮೊಟ್ಟೆ ಬೀಳುತ್ತವೆ. ಬೆಚ್ಚಗೆ, ತೇವವಾಗಿದ್ದರೆ ಒಂದು ವಾರದ ಆಸುಪಾಸಿನಲ್ಲೇ ಮರಿಗಳು ರೋಗ ತರುವಷ್ಟು ಬೆಳೆದು, ಇಬ್ಬನಿಯ ತೇವ ಹಿಡಿದು ಹುಲ್ಲಿನ ಮೇಲೇರುತ್ತವೆ. ಕುದುರೆ ಅದನ್ನೇ ಮೇಯುತ್ತೆ. ಆದ್ದರಿಂದ ವಾರಕ್ಕೆ ಎರಡು ಸಲ ತೆಗೆಯಲೇಬೇಕು. ತಿಂಗಳಾದ ಮೇಲೆ ತೆಗೆದರೆ ಪ್ಯಾಡಕ್ ನೋಡೋಕೆ ಚೆನ್ನಾಗಿರುತ್ತೆ, ಅಷ್ಟೇ. ವಾರಕ್ಕೆರಡು ಸಲ ಹುಡುಗ ಬೇಸರವಿಲ್ಲದೆ ಕೈಗೆತ್ತಿಕೊಳ್ಳುವಂಥ ಸಲಕರಣೆ ಯಾವುದೋ ಅದನ್ನೇ ಕೊಳ್ಳಿ.

ಗುದ್ದಲಿ ಅಂಥದ್ದಲ್ಲ. ಅದು ಲದ್ದಿಯ ಉಂಡೆಯನ್ನು ಕೊಚ್ಚುತ್ತೆ, ಅರ್ಧವನ್ನು ನೆಲಕ್ಕೇ ಒತ್ತುತ್ತೆ, ಹುಲ್ಲಿನ ಬುಡ ಕೀಳುತ್ತೆ. ಬಾಂಡ್ಲಿ ತುಂಬಿದಾಗ ಅದರಲ್ಲಿ ಲದ್ದಿಗಿಂತ ಮಣ್ಣೇ ಜಾಸ್ತಿ. ದೊಡ್ಡ ಕುದುರೆ ದಿನಕ್ಕೆ ಸುಮಾರು 20 ಕೆಜಿ ಲದ್ದಿ ಹಾಕುತ್ತೆ. ಮೂರು ಕುದುರೆ ಹಗಲೂ ರಾತ್ರಿ ಹೊರಗಿದ್ದರೆ ಮೂರ್ನಾಲ್ಕು ದಿನಕ್ಕೆ ಸುಮಾರು 200 ಕೆಜಿ. ಅದರ ಮೇಲೆ ಮಣ್ಣನ್ನೂ ಬಗ್ಗಿ ಬಗ್ಗಿ ಹೊತ್ತರೆ ಯಾರ ಸೊಂಟ ಉಳಿಯುತ್ತೆ?

ನೆಲ ನೋಡಿ ಸಲಕರಣೆ ಆರಿಸಿ. ಮರಳು ಹಾಕಿದ ಜಾಗಕ್ಕೆ ಹತ್ತಿರ ಹತ್ತಿರ ಹಲ್ಲಿರುವ ಪ್ಲಾಸ್ಟಿಕ್ ಫೋರ್ಕ್ ಸರಿ. ಹಲ್ಲುಗಳ ನಡುವೆ ಒಂದು ಸೆಂಟಿಮೀಟರ್‌ಗಿಂತ ಸ್ವಲ್ಪ ಜಾಸ್ತಿ ಜಾಗ ಇರಲಿ, ಪಕ್ಕದ ಅಂಚು ಎತ್ತರವಿರಲಿ. ಲದ್ದಿಯ ಅಡಿಗೆ ತೂರಿಸಿ ಎರಡು ಸಲ ಅಲುಗಿಸಿದರೆ ಮರಳು ಉದುರುತ್ತೆ, ಉಂಡೆ ಉಳಿಯುತ್ತೆ. ಹುಲ್ಲಿನ ನೆಲದಲ್ಲಿ ಇದೇ ಫೋರ್ಕ್ ಹುಲ್ಲಿಗೆ ಸಿಕ್ಕಿಕೊಂಡು ಜೀವ ತಿನ್ನುತ್ತೆ. ಅಲ್ಲಿಗೆ ಉದ್ದ ಹಿಡಿಯ, ಮೊರದ ಆಕಾರದ ಸ್ಕೂಪು, ಜೊತೆಗೊಂದು ಚಿಕ್ಕ ರೇಕ್. ನಿಂತಲ್ಲೇ ಎಳೆದು ತುಂಬಬಹುದು. ಎಳೆ ಹುಲ್ಲು ತಿಂದು ಲದ್ದಿ ಸಡಿಲವಾಗಿದ್ದರೆ ಮಾತ್ರ ಚಪ್ಪಟೆ ಸಲಿಕೆ.

ಅಂಗಡಿಯಲ್ಲಿ ಹಿಡಿಯನ್ನು ನೆಲಕ್ಕೂರಿ ನಿಲ್ಲಿಸಿ. ಕೆಲಸ ಮಾಡುವವನ ಎದೆಗೂ ಗಲ್ಲಕ್ಕೂ ನಡುವೆ ಬರಬೇಕು. ನಿಮ್ಮ ಎದೆಗಲ್ಲ, ಅವನ ಎದೆಗೆ. ಅವನನ್ನೂ ಕರೆದುಕೊಂಡು ಹೋಗಿ. ಆಮೇಲೆ ಒಂದು ಹಲ್ಲನ್ನು ಹೆಬ್ಬೆರಳಿನಿಂದ ಬಗ್ಗಿಸಿ. ಬಾಗಿ ಸೀದಾ ವಾಪಸ್ ಬರಬೇಕು. ಬಾಗಿದ ಕಡೆ ಬೆಳ್ಳಗೆ ಗೆರೆ ಮೂಡಿದರೆ ಅದು ಬೇಗ ಮುರಿಯುವ ಮಾಲು, ಅಲ್ಲೇ ಬಿಟ್ಟು ಬನ್ನಿ. ಒಳ್ಳೆಯ ಪ್ಲಾಸ್ಟಿಕ್ ಕೂಡ ಬಿಸಿಲಿನಲ್ಲಿ ಬಿದ್ದಿದ್ದರೆ ಪೆಡಸಾಗುತ್ತೆ. ಕೆಲಸ ಮುಗಿದ ಮೇಲೆ ಲಾಯದೊಳಗೆ ನೇತುಹಾಕಿಸಿ.

ತೋಟಕ್ಕೆ ಮಾರುವ ತೆಳು ಕಬ್ಬಿಣದ ರೇಕ್ ಮಾತ್ರ ಬೇಡವೇ ಬೇಡ. ಬೆಸುಗೆ ಬಿಟ್ಟ ಹಲ್ಲು ಹುಲ್ಲಿನಲ್ಲಿ ಬಿದ್ದರೆ ಕಣ್ಣಿಗೆ ಕಾಣುವುದಿಲ್ಲ. ಅಂಥ ಕಂಬಿಯನ್ನು ಗೊರಸಿನ ತಳದಿಂದ ನಾನು ಕಿತ್ತಿದ್ದೇನೆ. ಗೊರಸಿನ ನಡುವಿನ ಮೆತ್ತನೆ ಭಾಗದಲ್ಲಿ ನೆಟ್ಟು ಒಳಗಿನ ಕೀಲಿನವರೆಗೆ ಹೋದರೆ ಕುದುರೆ ಉಳಿಯುವುದೇ ಕಷ್ಟ. ಕೆಲಸ ಮುಗಿದ ಮೇಲೆ ಪ್ರತಿ ಸಲ ಹಲ್ಲು ಎಣಿಸಿ ಎಂದು ನಾನು ಹೇಳುವುದು ಅತಿ ಎನಿಸಬಹುದು. ಎನಿಸಲಿ, ಎಣಿಸಿ. ಎದ್ದು ಕಾಣುವ ಬಣ್ಣದ್ದನ್ನೇ ಕೊಳ್ಳಿ, ಮುರಿದ ಚೂರು ಬೇಗ ಸಿಗುತ್ತೆ.

ಬಾಂಡ್ಲಿ ಬದಲು ಎರಡು ಚಕ್ರದ, ಗಾಳಿ ತುಂಬುವ ಟೈರಿನ ತಳ್ಳುಗಾಡಿ ತನ್ನಿ. ಗಾರೆ ಕೆಲಸದ ಒಂಟಿ ಚಕ್ರದ ಗಾಡಿ ಕೆಸರಿನಲ್ಲಿ ಮಗುಚುತ್ತೆ. ದುಡ್ಡು ಉಳಿದರೆ ಹುಡುಗನಿಗೆ ಗಮ್‌ಬೂಟು ಕೊಡಿಸಿ. ಉಳಿಯದಿದ್ದರೂ ಕೊಡಿಸಿ, ಧನುರ್ವಾಯು ತಡೆಯುವ ಚುಚ್ಚುಮದ್ದನ್ನೂ ಹಾಕಿಸಿ. ಧನುರ್ವಾಯುವಿನ ರೋಗಾಣು ಕುದುರೆ ಲದ್ದಿಯಲ್ಲಿರುತ್ತೆ, ಅವನು ಬರಿಗಾಲಲ್ಲಿ ಅದರ ಮೇಲೇ ಓಡಾಡುತ್ತಾನೆ.

ಪ್ರಶ್ನೆ: ಟ್ರ್ಯಾಕ್ಟರಿಗೆ ಕುಂಟೆ ಕಟ್ಟಿ ಹರಡಿಬಿಟ್ಟರೆ ಒಣಗಿ ಹೋಗುತ್ತೆ ಅಲ್ವಾ?

ಸುಡುವ ಬೇಸಿಗೆಯಲ್ಲಿ ಹರಡಿ, ಆಮೇಲೆ ಕೆಲವು ವಾರ ಕುದುರೆ ಬಿಡದೆ ಇರುವುದಾದರೆ ಸರಿ. ಮಳೆಗಾಲದಲ್ಲಿ ಮಾಡಿದರೆ ನೀವೇ ಹುಳು ಬಿತ್ತಿದಂತೆ. ಕುದುರೆಗಳು ಸಾಮಾನ್ಯವಾಗಿ ಒಂದು ಕಡೆ ಲದ್ದಿ ಹಾಕಿ ಇನ್ನೊಂದು ಕಡೆ ಮೇಯುತ್ತವೆ. ಆ ಜಾಣತನವನ್ನು ಕುಂಟೆ ಹೊಡೆದು ಹಾಳು ಮಾಡಬೇಡಿ.

ಪ್ರಶ್ನೆ: ಎರಡು ತಿಂಗಳಿಗೊಮ್ಮೆ ಹುಳದ ಔಷಧಿ ಕೊಡುತ್ತೇವೆ. ಆದರೂ ಲದ್ದಿ ತೆಗೆಯಬೇಕಾ?

ತೆಗೆಯಬೇಕು. ಹೀಗೆ ಸುಮ್ನೆ ಕೊಟ್ಟು ಕೊಟ್ಟೇ ಹುಳುಗಳು ಔಷಧಿಗೆ ಬಗ್ಗದಂತಾಗಿರುವುದು. ಮೊದಲು ಲದ್ದಿಯಲ್ಲಿ ಹುಳದ ಮೊಟ್ಟೆ ಎಷ್ಟಿದೆ ಎಂದು ಪರೀಕ್ಷೆ ಮಾಡಿಸಿ. ಬೆಂಗಳೂರಿನ ಸುತ್ತಮುತ್ತ ಇರುವವರಿಗೆ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜು ಇದೆ. ಔಷಧಿ ಬದಲು ಹೊಗೆಸೊಪ್ಪಿನ ನೀರು ಕುಡಿಸಿ ಎನ್ನುವವರನ್ನು ಲಾಯದ ಹತ್ತಿರವೂ ಬಿಟ್ಟುಕೊಳ್ಳಬೇಡಿ. ಅದು ವಿಷ.

ಪ್ರಶ್ನೆ: ಲದ್ದಿ ಕರಗಿಸುವ ಪುಡಿ ಅಂತ ಒಬ್ಬರು ಮಾರುತ್ತಿದ್ದಾರೆ.

ಕೊಳ್ಳಬೇಡಿ.

ಪ್ರಶ್ನೆ: ತೆಗೆದ ಲದ್ದಿಯನ್ನು ಅದೇ ಹುಲ್ಲಿಗೆ ಗೊಬ್ಬರವಾಗಿ ಹಾಕಬಹುದಾ?

ಹಸಿಯಾಗಿ ಖಂಡಿತ ಬೇಡ. ಬಾವಿಯಿಂದ ದೂರ ತಿಪ್ಪೆ ಹಾಕಿ, ಆಗಾಗ ಮೇಲೆ ಕೆಳಗೆ ಮಾಡಿ. ಒಳಗೆ ಚೆನ್ನಾಗಿ ಕಾದು ಕೊಳೆತ ಮೇಲೆ ತೆಂಗಿಗೋ ಬಾಳೆಗೋ ಹಾಕಿ.

ಪ್ರಶ್ನೆ: ದೀಪ ಹಚ್ಚಿದ ಮೇಲೆ ಲದ್ದಿ ತೆಗೆದರೆ ಲಕ್ಷ್ಮಿ ಹೋಗುತ್ತಾಳೆ ಅಂತ ನಮ್ಮ ಸೈಸ್ (ಕುದುರೆ ನೋಡಿಕೊಳ್ಳುವವನು) ಒಪ್ಪುವುದಿಲ್ಲ.

ಬೆಳಗ್ಗೆ ತೆಗೆಸಿ. ಕತ್ತಲಲ್ಲಿ ಅರ್ಧ ಲದ್ದಿ ಹುಲ್ಲಿನಲ್ಲೇ ಉಳಿಯುತ್ತೆ.