ಹೊಸ ಪ್ರೊಸೆಸರ್ ಈಗಲೇ ಬೇಕಾ?

ಪ್ರಶ್ನೆ: ನನ್ನ ಕಂಪ್ಯೂಟರ್‌ನಲ್ಲಿ ಎಎಂಡಿ ಕಂಪನಿಯ ರೈಜನ್ 5 3600 ಪ್ರೊಸೆಸರ್ ಇದೆ. ಗೇಮ್ ಆಡುತ್ತೇನೆ, ಸ್ವಲ್ಪ ವಿಡಿಯೊ ಎಡಿಟಿಂಗ್ ಕೂಡ. ಹೊಸ 9600ಎಕ್ಸ್ ಕೊಳ್ಳಲೇ?
(ಓದುಗರೊಬ್ಬರು, ಬಸವನಗುಡಿ)

ಉತ್ತರ: ಈಗ ಬೇಡ. 9600ಎಕ್ಸ್ ಒಳ್ಳೆಯ ಚಿಪ್, ಎರಡು ಮಾತಿಲ್ಲ. ಆದರೆ ಅದು ಕೂರುವುದು ಮದರ್‌ಬೋರ್ಡ್ ಮೇಲಿನ ಎಎಂ5 ಎಂಬ ಸಾಕೆಟ್‌ನಲ್ಲಿ, ನಿಮ್ಮದು ಎಎಂ4, ಹಾಗಾಗಿ ಮದರ್‌ಬೋರ್ಡ್ ಬದಲಿಸಬೇಕು, ಡಿಡಿಆರ್4 ರ‍್ಯಾಮ್ ತೆಗೆದು ಡಿಡಿಆರ್5 ಹಾಕಬೇಕು, ಖರ್ಚು ಜಾಸ್ತಿಯಾಗುವುದು ಇಲ್ಲೇ ಅಲ್ವಾ? ಎಎಂ4ಗೇ ಹೊಂದುವ ರೈಜನ್ 7 5700ಎಕ್ಸ್ ಚಿಪ್ ಇದೆ: 8 ಕೋರ್ (ಚಿಪ್‌ನೊಳಗೆ ಲೆಕ್ಕ ಮಾಡುವ ಘಟಕ), 16 ಥ್ರೆಡ್ (ಒಟ್ಟಿಗೆ ನಡೆಸಬಲ್ಲ ಕೆಲಸದ ಎಳೆ), 65 ವಾಟ್. ನಿಮ್ಮ 3600ರಲ್ಲಿ ಇರುವುದು 6 ಕೋರ್. ಎಡಿಟಿಂಗ್‌ಗೆ ಆ ಎರಡು ಹೆಚ್ಚಿನ ಕೋರ್ ಚೆನ್ನಾಗಿ ಕೆಲಸಕ್ಕೆ ಬರುತ್ತವೆ. ನಿಮ್ಮ ಬೋರ್ಡ್ ಕಂಪನಿ ಕೊಡುವ, ಹೊಂದುವ ಚಿಪ್‌ಗಳ ಪಟ್ಟಿಯಲ್ಲಿ 5700ಎಕ್ಸ್ ಹೆಸರು ನೋಡಿಕೊಳ್ಳಿ. ಹಳೆಯ ಚಿಪ್ ತೆಗೆಯುವ ಮೊದಲೇ ಬಯಾಸ್ (ಕಂಪ್ಯೂಟರ್ ಶುರುವಾಗಲು ಬೋರ್ಡ್‌ನಲ್ಲೇ ಇರುವ ತಂತ್ರಾಂಶ) ಅಪ್‌ಡೇಟ್ ಮಾಡಿ, ಇದನ್ನು ಖಂಡಿತ ಮರೆಯಬೇಡಿ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ನಾಲ್ಕು ಅಂಗಡಿ ವಿಚಾರಿಸಿ, ಬಿಲ್ ಇಲ್ಲದೆ ತರಬೇಡಿ. ಉಳಿದ ದುಡ್ಡನ್ನು ಗ್ರಾಫಿಕ್ಸ್ ಕಾರ್ಡ್‌ಗೆ ಎತ್ತಿಡಿ.